ಜಾಲತಾಣಕ್ಕೆ ಯಾವ ತಂತ್ರಜ್ಞಾನ? ಕನ್ನಡದಲ್ಲಿ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಜಾಲತಾಣ ಮಾಡಿಸಬೇಕೆಂದು ಹೊರಟವರು ಮೊದಲು ಕೇಳುವ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: ವರ್ಡ್‌ಪ್ರೆಸ್‌ನಲ್ಲಿ ಮಾಡಿಸಿದರೆ ಒಳ್ಳೆಯದೋ, ಬೇರೆ ಯಾವುದಾದರೂ ತಂತ್ರಜ್ಞಾನದಲ್ಲೋ? ಸಣ್ಣ ಸಂಘಸಂಸ್ಥೆಗಳಿಗೆ, ಬರೆಯುವವರಿಗೆ, ಅಂಗಡಿಯವರಿಗೆ ಈ ಕೆಲಸದಲ್ಲಿ ಹಲವು ವರ್ಷಗಳಿಂದ ನೆರವಾಗುತ್ತ ಬಂದಿರುವ ನಾನು, ಇನ್ನೊಂದು ಪ್ರಶ್ನೆಗೆ ಉತ್ತರ ಸಿಗುವವರೆಗೂ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಉದ್ಘಾಟನೆ ಮುಗಿದು, ಕಟ್ಟಿಕೊಟ್ಟವರು ತಮ್ಮ ಹಣ ಪಡೆದು ಬೇರೆ ಕೆಲಸಕ್ಕೆ ಹೋದ ಮೇಲೆ, ಮೂರನೆಯ ವರ್ಷದಲ್ಲಿ ಆ ತಾಣಕ್ಕೆ ಹೊಸ ಬರಹವೊಂದನ್ನು ಸೇರಿಸುವವರು ಯಾರು? ಅವರು ಯಾವ ಕಂಪ್ಯೂಟರಿನಲ್ಲಿ, ಯಾವ ತಂತ್ರಾಂಶದಲ್ಲಿ ಟೈಪು ಮಾಡುತ್ತಾರೆ? ತಂತ್ರಜ್ಞಾನದ ಆಯ್ಕೆಯ ಮುಕ್ಕಾಲು ಪಾಲು ಈ ಉತ್ತರದಲ್ಲಿಯೇ ತೀರ್ಮಾನವಾಗುತ್ತದೆ ಎಂಬುದು ನನ್ನ ಅನುಭವ.

ನನ್ನ ಬಳಿಗೆ ಬಂದ ಒಂದು ಪ್ರಕರಣವನ್ನು ಈ ಲೇಖನದ ಉದ್ದಕ್ಕೂ ಮುಂದಿಟ್ಟುಕೊಳ್ಳುತ್ತೇನೆ. ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಿಂದ ಹೊರಡುವ ಸಾಹಿತ್ಯದ ತ್ರೈಮಾಸಿಕ ಅದು. ಮೂವತ್ತು ವರ್ಷಗಳ ಸಂಚಿಕೆಗಳಿವೆ, ಅಂದರೆ ಸುಮಾರು 120. ಮೊದಲಿನವು ಕಾಗದದಲ್ಲಿ ಮಾತ್ರ ಉಳಿದಿವೆ, ನಡುವಿನವು ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನ ಕಡತಗಳಲ್ಲಿ, ನುಡಿ ಎಂಬ ಹಳೆಯ ಫಾಂಟಿನ ಅಕ್ಷರಗಳಲ್ಲಿವೆ, ಈಚಿನ ಕೆಲವು ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿವೆ. ಸಂಪಾದಕರಿಗೆ ಎಪ್ಪತ್ತು ದಾಟಿದೆ. ಕರಡು ತಿದ್ದುವವರು ನಿವೃತ್ತ ಶಿಕ್ಷಕಿ. ಲೆಕ್ಕಪತ್ರ ನೋಡಿಕೊಳ್ಳುವವರು ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವರು. ಈ ಮೂವರಲ್ಲಿ ಪ್ರೋಗ್ರಾಮಿಂಗ್ ಬಲ್ಲವರು ಯಾರೂ ಇಲ್ಲ, ಆದರೆ ತಮ್ಮ ಪತ್ರಿಕೆಯ ಒಂದೊಂದು ಪುಟದ ಬಗ್ಗೆಯೂ ಅವರಿಗಿರುವ ಕಾಳಜಿ ಯಾವ ದೊಡ್ಡ ಸಂಸ್ಥೆಗೂ ಕಡಿಮೆಯಿಲ್ಲ.

ಒಂದು ಹೆಸರಿನ ಹಿಂದೆ ಮೂರು ವಸ್ತುಗಳು

‘ವೆಬ್‌ಸೈಟ್’ ಎಂದು ನಾವು ಒಂದೇ ಮಾತಿನಲ್ಲಿ ಕರೆಯುವುದು ವಾಸ್ತವದಲ್ಲಿ ಮೂರು ಬೇರೆ ಬೇರೆ ವಸ್ತುಗಳ ಜೋಡಣೆ. ಮೊದಲನೆಯದು ಡೊಮೇನ್, ಎಂದರೆ ತಾಣದ ಹೆಸರು. ಅದನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ, ವರ್ಷಕ್ಕೆ ಇಷ್ಟೆಂದು ಶುಲ್ಕ ಕಟ್ಟಿ ತಮ್ಮ ಹೆಸರಿನಲ್ಲಿ ಇಟ್ಟುಕೊಳ್ಳುತ್ತಾರೆ. ಡಾಟ್ ಇನ್ ಎಂದು ಮುಗಿಯುವ ಹೆಸರುಗಳ ಉಸ್ತುವಾರಿ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾದ್ದು. ಪೂರ್ತಿ ಕನ್ನಡ ಲಿಪಿಯಲ್ಲಿಯೇ ಇರುವ, ಡಾಟ್ ಭಾರತ ಎಂದು ಮುಗಿಯುವ ಹೆಸರುಗಳೂ ಅದರ ಮೂಲಕವೇ ದೊರೆಯುತ್ತವೆ. ಎರಡನೆಯದು ಹೋಸ್ಟಿಂಗ್, ಎಂದರೆ ಕಡತಗಳು ಇರುವ ಸರ್ವರಿನ ಜಾಗ. ಮೂರನೆಯದು ಪುಟಗಳನ್ನು ತಯಾರಿಸಿಕೊಡುವ ತಂತ್ರಾಂಶ. ವರ್ಡ್‌ಪ್ರೆಸ್ ಮೊದಲಾದ ಹೆಸರುಗಳೆಲ್ಲ ಇಲ್ಲಿಗೆ ಸೇರಿದವು. ಈ ಮೂರನ್ನೂ ಒಬ್ಬರೇ ಒಟ್ಟಿಗೆ ಕೊಡುವುದುಂಟು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾವುದು ಯಾರ ಹೆಸರಿನಲ್ಲಿದೆ ಎಂಬುದು ತಿಳಿದಿರಲೇಬೇಕು.

ಇದನ್ನು ನಾನು ಕಷ್ಟಪಟ್ಟು ಕಲಿತೆ. ನಾನು ಸಹಾಯ ಮಾಡಿದ್ದ ಮೊದಲ ತಾಣಗಳಲ್ಲಿ ಒಂದರ ಡೊಮೇನ್ ಅನ್ನು ಆಗ ಉತ್ಸಾಹದಿಂದ ಮುಂದೆ ಬಂದ ವಿದ್ಯಾರ್ಥಿಯೊಬ್ಬರು ತಮ್ಮ ಕಾಲೇಜಿನ ಇಮೇಲ್ ವಿಳಾಸ ಕೊಟ್ಟು ನೋಂದಾಯಿಸಿದ್ದರು, ಅದನ್ನು ಗಮನಿಸಬೇಕಿದ್ದ ನಾನು ಗಮನಿಸಲಿಲ್ಲ. ಓದು ಮುಗಿದ ಮೇಲೆ ಆ ವಿಳಾಸವೇ ಮುಚ್ಚಿಹೋಯಿತು, ನವೀಕರಣದ ನೆನಪೋಲೆಗಳು ಅಲ್ಲಿಗೇ ಹೋಗುತ್ತಿದ್ದವು. ಡಾಟ್ ಕಾಮ್ ಹೆಸರುಗಳ ಅವಧಿ ಮುಗಿದ ಮೇಲೆ ನೋಂದಣಿ ಸಂಸ್ಥೆ ಕೆಲವು ದಿನಗಳ ಬಿಡುವು ಕೊಡುತ್ತದೆ, ಆಮೇಲೆ ಹೆಚ್ಚಿನ ದಂಡ ತೆತ್ತು ಬಿಡಿಸಿಕೊಳ್ಳಲು 30 ದಿನಗಳ ಅವಕಾಶವಿರುತ್ತದೆ, ಕೊನೆಯ 5 ದಿನಗಳ ನಂತರ ಆ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ. ನಮಗೆ ವಿಷಯ ತಿಳಿಯುವ ಹೊತ್ತಿಗೆ ಅದು ಬೇರೆಯವರ ಪಾಲಾಗಿತ್ತು. ಬರಹಗಳು ಸರ್ವರಿನಲ್ಲಿ ಭದ್ರವಾಗಿಯೇ ಇದ್ದವು, ಆದರೆ ಆರು ವರ್ಷಗಳಲ್ಲಿ ಓದುಗರು ಎಲ್ಲೆಲ್ಲೋ ಹಂಚಿಕೊಂಡಿದ್ದ ಕೊಂಡಿಗಳೆಲ್ಲ ಒಂದೇ ದಿನದಲ್ಲಿ ಸತ್ತುಹೋದವು. ತಂತ್ರಾಂಶ ಯಾವುದೇ ಇರಲಿ, ಡೊಮೇನ್ ಮಾತ್ರ ಸಂಸ್ಥೆಯ ಹೆಸರಿನಲ್ಲಿ, ಇಬ್ಬರಾದರೂ ನೋಡುವ ಇಮೇಲ್‌ನಲ್ಲಿ ಇರಬೇಕೆಂದು ಅಂದಿನಿಂದ ಹಟ ಹಿಡಿಯುತ್ತೇನೆ.

ಬೇಯಿಸಿಟ್ಟ ಇಡ್ಲಿ, ಕೇಳಿದಾಗ ಹುಯ್ಯುವ ದೋಸೆ

ತಂತ್ರಾಂಶಗಳ ಹೆಸರುಗಳು ನೂರಾರು ಇದ್ದರೂ ಅವುಗಳ ನಡುವಿನ ಮೂಲ ವ್ಯತ್ಯಾಸ ಒಂದು ಪ್ರಶ್ನೆಯಲ್ಲಿದೆ: ಓದುಗರು ಕೇಳುವ ಪುಟ ಮೊದಲೇ ಸಿದ್ಧವಾಗಿರುತ್ತದೆಯೋ, ಕೇಳಿದ ಮೇಲೆ ತಯಾರಾಗುತ್ತದೆಯೋ? ಹೋಟೆಲಿನಲ್ಲಿ ಇಡ್ಲಿ ಬೆಳಿಗ್ಗೆಯೇ ಬೆಂದು ಪಾತ್ರೆಯಲ್ಲಿರುತ್ತದೆ, ಕೇಳಿದ ಕೂಡಲೇ ತಟ್ಟೆಗೆ ಬರುತ್ತದೆ. ದೋಸೆಯನ್ನು ಕೇಳಿದ ಮೇಲೆಯೇ ಕಾವಲಿಗೆ ಹುಯ್ಯಬೇಕು. ಖಾಲಿಯೋ, ಮಸಾಲೆಯೋ, ಈರುಳ್ಳಿ ಬೇಡವೋ ಎಂದು ಕೇಳಿ ಮಾಡಿಕೊಡಬಹುದು, ಆದರೆ ಅಡುಗೆಯವರು ಒಲೆಯ ಮುಂದೆ ನಿಂತೇ ಇರಬೇಕು.

ಮೊದಲನೆಯ ಬಗೆಯನ್ನು ಸ್ಥಿರ ತಾಣ ಎನ್ನಬಹುದು. ಟಿಮ್ ಬರ್ನರ್ಸ್-ಲೀ 1991ರಲ್ಲಿ ಸರ್ನ್ ಸಂಶೋಧನಾ ಕೇಂದ್ರದಿಂದ ಜಗತ್ತಿಗೆ ತೆರೆದಿಟ್ಟ ಮೊದಲ ಜಾಲತಾಣ ಈ ಬಗೆಯದೇ. ಅದರ ಆರಂಭದ ದಿನಗಳ ಪ್ರತಿಯೊಂದನ್ನು ಸರ್ನ್ ಈಗಲೂ ತನ್ನ ಸರ್ವರಿನಲ್ಲಿ ಇಟ್ಟಿದೆ, ಮೂವತ್ತು ವರ್ಷಕ್ಕೂ ಹಳೆಯ ಆ ಪುಟ ಇಂದಿನ ಮೊಬೈಲಿನಲ್ಲಿಯೂ ತೊಡಕಿಲ್ಲದೆ ತೆರೆದುಕೊಳ್ಳುತ್ತದೆ. ಜಾಲಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಕಡತವೊಂದು ಸರ್ವರಿನಲ್ಲಿ ಇರುತ್ತದೆ, ಕೇಳಿದವರಿಗೆ ಅದನ್ನೇ ಕೊಡಲಾಗುತ್ತದೆ, ನಡುವೆ ಕೆಟ್ಟುಹೋಗುವಂಥದ್ದು ಏನೂ ಇಲ್ಲ. ನೂರಾರು ಪುಟಗಳನ್ನು ಕೈಯಲ್ಲಿ ಬರೆಯುವುದು ಕಷ್ಟವಾದ್ದರಿಂದ, ಸರಳ ಪಠ್ಯ ಕಡತಗಳಿಂದ ಇಡೀ ತಾಣವನ್ನು ಒಮ್ಮೆಗೇ ತಯಾರಿಸಿಕೊಡುವ ಸಾಧನಗಳು ಬಂದವು. 2008ರ ಜೆಕಿಲ್, 2013ರ ಹ್ಯೂಗೋ ಅವುಗಳಲ್ಲಿ ಹೆಸರಾದವು. ಗಿಟ್‌ಹಬ್ ಪೇಜಸ್‌ನಂತಹ ಸೇವೆಗಳಲ್ಲಿ ಇಂತಹ ತಾಣವನ್ನು ಖರ್ಚಿಲ್ಲದೆ ಇಡಬಹುದು.

ಎರಡನೆಯ ಬಗೆಯಲ್ಲಿ ಬರಹಗಳು ಡೇಟಾಬೇಸಿನಲ್ಲಿರುತ್ತವೆ. ಓದುಗರು ಪುಟ ಕೇಳಿದಾಗ ಸರ್ವರಿನ ಪ್ರೋಗ್ರಾಮು ಬರಹವನ್ನು ಅಲ್ಲಿಂದ ತೆಗೆದು, ಪುಟದ ವಿನ್ಯಾಸವಾದ ಥೀಮಿನ ಅಚ್ಚಿಗೆ ಹಾಕಿ, ಪುಟ ಮಾಡಿ ಕಳಿಸುತ್ತದೆ. 2001ರ ಡ್ರುಪಾಲ್, 2003ರ ವರ್ಡ್‌ಪ್ರೆಸ್, 2005ರ ಜೂಮ್ಲಾ ಈ ಗುಂಪಿನವು. ಇವುಗಳ ದೊಡ್ಡ ಉಪಕಾರವೆಂದರೆ ಬರೆಯುವವರಿಗೆ ಲಾಗಿನ್ ಆಗಿ, ಪೆಟ್ಟಿಗೆಯೊಂದರಲ್ಲಿ ಟೈಪು ಮಾಡಿ, ‘ಪ್ರಕಟಿಸಿ’ ಎಂಬ ಗುಂಡಿ ಒತ್ತುವುದಷ್ಟೇ ಗೊತ್ತಿದ್ದರೆ ಸಾಕು. ಬ್ಲಾಗಿಗಾಗಿ ಹುಟ್ಟಿದ ವರ್ಡ್‌ಪ್ರೆಸ್ ಇಂದು ಜಗತ್ತಿನ ಜಾಲತಾಣಗಳಲ್ಲಿ 40 ಪ್ರತಿಶತಕ್ಕೂ ಹೆಚ್ಚಿನವನ್ನು ನಡೆಸುತ್ತಿರುವುದಕ್ಕೆ ಮುಖ್ಯ ಕಾರಣ ಈ ಸುಲಭತೆಯೇ ಎಂದು ನಾನು ನಂಬಿದ್ದೇನೆ. ಅದರ ಬೆಲೆಯೂ ಇದೆ. ಒಲೆಯ ಮುಂದೆ ನಿಂತ ಅಡುಗೆಯವರ ಹಾಗೆ, ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ, ಡೇಟಾಬೇಸ್, ವರ್ಡ್‌ಪ್ರೆಸ್‌ನ ಮೂಲ ತಂತ್ರಾಂಶ, ಥೀಮ್, ಹೆಚ್ಚಿನ ಸೌಲಭ್ಯಗಳಿಗಾಗಿ ಸೇರಿಸಿಕೊಳ್ಳುವ ಪ್ಲಗಿನ್‌ಗಳು ಎಲ್ಲವೂ ಸದಾ ಆರೋಗ್ಯವಾಗಿರಬೇಕು. ವರ್ಡ್‌ಪ್ರೆಸ್‌ಗೆ ಉಚಿತವಾಗಿ ದೊರೆಯುವ ಪ್ಲಗಿನ್‌ಗಳೇ 50,000ಕ್ಕೂ ಹೆಚ್ಚಿವೆ, ಅವುಗಳಲ್ಲಿ ಎಷ್ಟೋ ಪ್ಲಗಿನ್‌ಗಳನ್ನು ಬರೆದವರು ಕೈಬಿಟ್ಟಿದ್ದಾರೆ. ಅಪ್‌ಡೇಟ್ ಕಾಣದ ಹಳೆಯ ಪ್ಲಗಿನ್‌ಗಳೇ ಕಳ್ಳರು ಒಳನುಗ್ಗುವ ಮುಖ್ಯ ಬಾಗಿಲು.

ಇನ್ನೊಂದು ದಾರಿಯಲ್ಲಿ ಹೋಸ್ಟಿಂಗ್ ಮತ್ತು ತಂತ್ರಾಂಶ ಎರಡನ್ನೂ ಒಂದೇ ಕಂಪನಿ ನೋಡಿಕೊಳ್ಳುತ್ತದೆ. ಗೂಗಲ್‌ನ ಬ್ಲಾಗರ್, ವಿಕ್ಸ್, ಸ್ಕ್ವೇರ್‌ಸ್ಪೇಸ್, ಅಂಗಡಿಗಳಿಗಾಗಿಯೇ ಇರುವ ಶಾಪಿಫೈ ಇವೆಲ್ಲ ಇಂಥವು. ವರ್ಡ್‌ಪ್ರೆಸ್ ಡಾಟ್ ಕಾಮ್ ಕೂಡ ಇಲ್ಲಿಗೇ ಸೇರುತ್ತದೆ, ವರ್ಡ್‌ಪ್ರೆಸ್ ಡಾಟ್ ಆರ್ಗ್ ಅಲ್ಲ. ಹೆಸರೊಂದೇ ಆದ್ದರಿಂದ ಈ ಎರಡರ ನಡುವೆ ಗೊಂದಲ ಮಾಡಿಕೊಳ್ಳದವರೇ ಕಡಿಮೆ. ಆರ್ಗ್‌ನಲ್ಲಿ ಸಿಗುವುದು ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದಾದ ಮುಕ್ತ ತಂತ್ರಾಂಶ; ಕಾಮ್‌ನಲ್ಲಿರುವುದು ಅದೇ ತಂತ್ರಾಂಶವನ್ನು ಕಂಪನಿಯೊಂದು ಶುಲ್ಕಕ್ಕೆ ನಡೆಸಿಕೊಡುವ ಸೇವೆ. ಯೋಜನೆಯ ದರ ಕಡಿಮೆಯಾದಂತೆ ಅದರಲ್ಲಿ ನಿಮಗಿರುವ ಸ್ವಾತಂತ್ರ್ಯವೂ ಕಡಿಮೆಯಾಗುತ್ತದೆ.

ಜ್ಯಾಂಗೋ, ಲಾರವೆಲ್, ರಿಯಾಕ್ಟ್ ಮೊದಲಾದ ಸಾಧನಗಳಿಂದ ಎಲ್ಲವನ್ನೂ ಹೊಸದಾಗಿ ಬರೆಯುವ ಮಾರ್ಗವೂ ಇದೆ. ಟಿಕೆಟ್ ಕಾದಿರಿಸುವುದು, ಸದಸ್ಯರ ಲೆಕ್ಕ ಇಡುವುದು, ಮಾರುಕಟ್ಟೆ ದರ ಗಂಟೆಗಂಟೆಗೆ ತೋರಿಸುವುದು ಇಂತಹ ಕೆಲಸವಿದ್ದಾಗ ಅದು ಸರಿಯಾದ ಮಾರ್ಗ. ಲೇಖನ ಮತ್ತು ಚಿತ್ರಗಳಷ್ಟೇ ಇರುವ ತಾಣಕ್ಕೆ ಯಾರಾದರೂ ಇದನ್ನು ಸೂಚಿಸಿದರೆ, ಬರೆದವರು ಊರು ಬಿಟ್ಟ ಮೇಲೆ ಆ ಪ್ರೋಗ್ರಾಮನ್ನು ಓದಿ ತಿದ್ದಬಲ್ಲವರು ಯಾರು ಎಂದು ಕೇಳಿ ನೋಡಿ.

ಕನ್ನಡದ ಪಠ್ಯ ಎಂಬ ಪರೀಕ್ಷೆ

ಇಲ್ಲಿಯವರೆಗೆ ಹೇಳಿದ್ದು ಯಾವ ಭಾಷೆಯ ತಾಣಕ್ಕಾದರೂ ಹೊಂದುವಂಥದ್ದು. ಈ ವೇದಿಕೆಗಳನ್ನು ಬಹುಪಾಲು ಇಂಗ್ಲಿಷ್ ಪಠ್ಯವನ್ನಿಟ್ಟುಕೊಂಡು ಪರೀಕ್ಷಿಸಿ ಕಟ್ಟಿದ್ದಾರೆ. ಆದ್ದರಿಂದ ಕನ್ನಡ ಪಠ್ಯ ಅವುಗಳೊಳಗೆ ಹೋದಾಗ ಎಲ್ಲೆಲ್ಲಿ ತೊಡರುತ್ತದೆ ಎಂಬುದು ಆಯ್ಕೆಗೆ ಮುಂಚೆಯೇ ತಿಳಿದಿರಬೇಕು. ಮಾರಾಟದ ಕರಪತ್ರಗಳಲ್ಲಿ ಈ ವಿಷಯ ಬರುವುದಿಲ್ಲ.

ಮೊದಲ ತೊಡಕು ತಾಣ ಹುಟ್ಟುವುದಕ್ಕಿಂತ ಹಿಂದಿನದು. 1990ರ ದಶಕದಿಂದ ನಮ್ಮಲ್ಲಿ ಡಿಟಿಪಿ ಕೆಲಸ ನಡೆದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರಗಳ ಚಿತ್ರಗಳನ್ನು ಕೂರಿಸಿದ ಫಾಂಟುಗಳಲ್ಲಿ. ಹಳೆಯ ನುಡಿ ಮತ್ತು ಬರಹ ಫಾಂಟುಗಳಲ್ಲಿ ಮಾಡಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಪಾಲಿಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂತಹ ಕಡತದಿಂದ ಪಿಡಿಎಫ್ ಮಾಡಿ ತಾಣಕ್ಕೆ ಹಾಕಿದರೆ ಓದಲು ಬರುತ್ತದೆ, ಆದರೆ ಅದರೊಳಗಿನ ಒಂದು ಪದವನ್ನೂ ಗೂಗಲ್ ಹುಡುಕಿಕೊಡಲಾರದು. ದೃಷ್ಟಿಹೀನರ ಮೊಬೈಲ್ ಅದನ್ನು ಓದಿ ಹೇಳಲಾರದು. ನಕಲಿಸಿ ಅಂಟಿಸಿದರೆ ಚಿಹ್ನೆಗಳ ಗೊಂದಲ ಬರುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ, ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳೂ ಉಚಿತವಾಗಿ ಸಿಗುತ್ತವೆ. ಆದರೂ ಪರಿವರ್ತನೆಯ ಬಳಿಕ ಮನುಷ್ಯರೊಬ್ಬರು ಕುಳಿತು ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ತಿದ್ದಲೇಬೇಕು. ನಮ್ಮ ತ್ರೈಮಾಸಿಕದ ಖರ್ಚಿನಲ್ಲಿ ಹೋಸ್ಟಿಂಗ್‌ಗಿಂತ, ವಿನ್ಯಾಸಕ್ಕಿಂತ ದೊಡ್ಡ ಬಾಬ್ತು ಈ ಕರಡು ತಿದ್ದುವ ಕೆಲಸದ್ದೇ ಆಗಿತ್ತು.

ಎರಡನೆಯದು ಡೇಟಾಬೇಸ್. ಕನ್ನಡದ ಪ್ರತಿ ಸಂಕೇತವೂ ಯೂನಿಕೋಡ್ ಪಠ್ಯವನ್ನು ಕಡತದಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಜಾಗ ಹಿಡಿಯುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಕ, ನ, ಹಲಂತ, ನ, ಡ ಎಂದು 5 ಸಂಕೇತಗಳಿವೆ, ಅಂದರೆ 15 ಬೈಟ್. ಲ್ಯಾಟಿನ್ ಅಕ್ಷರಗಳಿಗಷ್ಟೇ ಹೊಂದಿಸಿದ ಹಳೆಯ ಡೇಟಾಬೇಸಿಗೆ ಇದನ್ನು ತುಂಬಿದರೆ ಪ್ರತಿ ಸಂಕೇತದ ಜಾಗದಲ್ಲಿಯೂ ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ, ಹಾಗೆ ಹೋದದ್ದು ಮತ್ತೆ ಬರುವುದಿಲ್ಲ. ಈಗಿನ ವರ್ಡ್‌ಪ್ರೆಸ್ ಹೊಸದಾಗಿ ಸ್ಥಾಪಿಸುವಾಗ ಈ ತೊಂದರೆ ಇಲ್ಲ. ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸುವಾಗ ಇದು ತಲೆ ಎತ್ತುತ್ತದೆ. ಆದ್ದರಿಂದ ಸಾಗಣೆಯಾದ ಮೇಲೆ ನಾಲ್ಕು ಹಳೆಯ ಬರಹಗಳನ್ನು ತೆರೆದು ಓದುವವರೆಗೂ ಹಳೆಯ ಸರ್ವರನ್ನು ಅಳಿಸಕೂಡದು.

ಮೂರನೆಯದು ಪುಟದ ವಿಳಾಸ. ಕನ್ನಡ ಅಕ್ಷರಗಳಿರುವ ವಿಳಾಸ ಬ್ರೌಸರಿನಲ್ಲಿ ಚೆನ್ನಾಗಿ ಕಂಡರೂ ಒಳಗೆ ಒಂದೊಂದು ಬೈಟೂ ಶೇಕಡಾ ಚಿಹ್ನೆಯ ಜೊತೆಗೆ ಎರಡು ಅಕ್ಷರವಾಗಿ ಹಿಗ್ಗುತ್ತದೆ. ಅಂದರೆ ಒಂದು ಸಂಕೇತಕ್ಕೆ 9 ಅಕ್ಷರ, ‘ಕನ್ನಡ’ ಎಂಬುದಕ್ಕೆ 45. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ವಿಳಾಸವನ್ನು ತಾನೇ ತಯಾರಿಸುವಾಗ 200 ಅಕ್ಷರಗಳ ಮಿತಿ ಹಾಕಿಕೊಂಡಿದೆ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡಕ್ಕೆ 22 ಸಂಕೇತಗಳಷ್ಟೇ. ‘ಮಲೆನಾಡಿನ ಮಳೆಗಾಲದ ಅಡುಗೆಗಳು’ ಎಂಬ ಮೂರು ಪದಗಳ ಶೀರ್ಷಿಕೆಯೇ ಈ ಮಿತಿ ದಾಟುತ್ತದೆ, ವಿಳಾಸದಲ್ಲಿ ಕೊನೆಯ ಉಕಾರ ಬಿದ್ದುಹೋಗಿ ‘ಅಡುಗೆಗಳ’ ಎಂದು ಉಳಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಂಡ ಕನ್ನಡ ಕೊಂಡಿಗಳು ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿ ಕಾಣುವುದೂ ಈ ಕಾರಣದಿಂದಲೇ. ಡಾಟ್ ಭಾರತದ ಕನ್ನಡ ಹೆಸರುಗಳ ಬಗ್ಗೆ ನನಗೆ ಅಭಿಮಾನವಿದೆ, ಸಾಧ್ಯವಾದವರು ಒಂದನ್ನು ತಮ್ಮದಾಗಿಸಿಕೊಳ್ಳಲಿ ಎಂದೇ ಹೇಳುತ್ತೇನೆ. ಆದರೆ ಕೊಂಡಿಗಳು ಕೈಯಿಂದ ಕೈಗೆ ದಾಟುವ ಪತ್ರಿಕೆಗೆ, ಬರಹದ ವಿಳಾಸವನ್ನು ಚಿಕ್ಕ ರೋಮನ್ ಅಕ್ಷರಗಳಲ್ಲಿ ಕೈಯಾರೆ ಬರೆಯುವುದೇ ಸದ್ಯಕ್ಕೆ ಕ್ಷೇಮ. ನಿಮ್ಮ ವೇದಿಕೆ ಅದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಹುಡುಕಾಟದ ಮಾತು ಇನ್ನಷ್ಟು ಸೂಕ್ಷ್ಮ. ವರ್ಡ್‌ಪ್ರೆಸ್‌ನ ಒಳಗಿನ ಹುಡುಕಾಟ, ಕೊಟ್ಟ ಅಕ್ಷರಗಳ ಸಾಲು ಬರಹದಲ್ಲಿ ಎಲ್ಲಾದರೂ ಇದೆಯೇ ಎಂದು ನೋಡುತ್ತದೆ, ಅಷ್ಟೇ. ‘ಕೆರೆ’ ಎಂದು ಹುಡುಕಿದರೆ ಕೆರೆಯ, ಕೆರೆಗಳು ಎಲ್ಲ ಸಿಗುತ್ತವೆ, ಆದರೆ ‘ಕೆರೆಯಲ್ಲಿ’ ಎಂದು ಹುಡುಕಿದವರಿಗೆ ‘ಕೆರೆಗೆ’ ಇರುವ ಬರಹ ಸಿಗುವುದಿಲ್ಲ. ‘ಮರ’ ಎಂದು ಹುಡುಕಿದವರಿಗೆ ಅಮರ, ಸಮರಗಳೂ ಬಂದು ಮುತ್ತುತ್ತವೆ. ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ ಇದು ಸಣ್ಣ ಕೊರತೆಯಲ್ಲ. ಇದರ ಮೇಲೆ, ‘ರಾಜ್‌ಕುಮಾರ್’ ಎಂಬಲ್ಲಿ ಜಕಾರ ಮತ್ತು ಕಕಾರ ಕೂಡಿ ಒತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ಸಂಕೇತವೊಂದನ್ನು ಹಾಕಿರುತ್ತೇವೆ. ಹುಡುಕುವವರು ಅದನ್ನು ಹಾಕದೆ ಟೈಪು ಮಾಡಿದರೆ ಸರಳ ಹುಡುಕಾಟಕ್ಕೆ ಅವೆರಡೂ ಬೇರೆ ಬೇರೆ ಪದಗಳು. ಆದಕಾರಣ ಕನ್ನಡದ ದೊಡ್ಡ ಸಂಗ್ರಹಕ್ಕೆ ಹುಡುಕಾಟದ ಪೆಟ್ಟಿಗೆಯೊಂದನ್ನೇ ನಂಬದೆ, ಲೇಖಕರ ಅಕಾರಾದಿ, ವಿಷಯವಾರು ಪಟ್ಟಿ, ಸಂಚಿಕೆವಾರು ಪಟ್ಟಿ ಇವನ್ನು ಕೈಯಾರೆ ಕಟ್ಟುವುದು ಅತ್ಯಗತ್ಯ. ಇಂತಹ ಪಟ್ಟಿಗಳನ್ನು ಸುಲಭವಾಗಿ ಕಟ್ಟಲು ಬಿಡುವ ವೇದಿಕೆ, ಅಂದದ ಮುಖಪುಟ ಕೊಡುವ ವೇದಿಕೆಗಿಂತ ಎಷ್ಟೋ ಮೇಲು.

ಕಾಣುವ ರೂಪದ ವಿಷಯ ಬೇಗ ಹೇಳಬಹುದು. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡ ಮೊದಲಾದ ಒಳ್ಳೆಯ ಮುಕ್ತ ಫಾಂಟುಗಳು ಈಗ ಇವೆ. ತಾಣದ ಥೀಮ್ ಅವನ್ನು ಬಳಸಲು ಬಿಡಬೇಕು. ಇಂಗ್ಲಿಷಿಗಾಗಿ ಮಾಡಿದ ಥೀಮುಗಳಲ್ಲಿ ಸಾಲುಗಳ ನಡುವಿನ ಅಂತರ ಕಡಿಮೆ ಇರುತ್ತದೆ, ಶೀರ್ಷಿಕೆಗಳಲ್ಲಂತೂ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ಮುಖಪುಟದಲ್ಲಿ ತೋರಿಸುವ ಮೊದಲ ಸಾಲುಗಳನ್ನು ಪದಗಳ ಲೆಕ್ಕದಲ್ಲಿ ಕತ್ತರಿಸದೆ ಅಕ್ಷರಗಳ ಲೆಕ್ಕದಲ್ಲಿ ಕತ್ತರಿಸುವ ಥೀಮುಗಳು ಗುಣಿತಾಕ್ಷರದ ನಡುವೆಯೇ ಕತ್ತರಿ ಹಾಕುತ್ತವೆ. ಥೀಮ್ ಕೊಳ್ಳುವ ಮೊದಲು ‘ಸ್ವಾತಂತ್ರ್ಯ’, ‘ಶಸ್ತ್ರಚಿಕಿತ್ಸೆ’, ‘ರ‍್ಯಾಂಕ್’ ಇಂತಹ ಪದಗಳಿರುವ ಒಂದು ಪುಟ ಮಾಡಿ ಮೊಬೈಲಿನಲ್ಲಿ ನೋಡಿದರೆ ಹತ್ತು ನಿಮಿಷದಲ್ಲಿ ಸತ್ಯ ತಿಳಿಯುತ್ತದೆ.

ಹೊರಗೆ ಬರುವ ಬಾಗಿಲು

ವೇದಿಕೆಯೊಳಗೆ ಹೋಗುವುದು ಎಷ್ಟು ಸುಲಭ ಎಂದು ಎಲ್ಲರೂ ಕೇಳುತ್ತಾರೆ. ಹೊರಗೆ ಬರುವುದು ಹೇಗೆ ಎಂದು ಕೇಳುವವರು ಅಪರೂಪ. 1994ರಲ್ಲಿ ಆರಂಭವಾದ ಜಿಯೋಸಿಟೀಸ್‌ನಲ್ಲಿ ಲಕ್ಷಾಂತರ ಜನ ತಮ್ಮ ಮೊದಲ ತಾಣ ಕಟ್ಟಿದ್ದರು. 1999ರಲ್ಲಿ ಅದನ್ನು ಯಾಹೂ ಕೊಂಡಿತು, 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಆ ಪುಟಗಳಲ್ಲಿ ಒಂದಷ್ಟು ಇಂದು ಓದಲು ಸಿಗುವುದು ಇಂಟರ್ನೆಟ್ ಆರ್ಕೈವ್‌ನಂತಹವರು ಕೊನೆಯ ದಿನಗಳಲ್ಲಿ ಪ್ರತಿ ಮಾಡಿಟ್ಟದ್ದರಿಂದ ಮಾತ್ರ. ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು, ಅದರಲ್ಲಿದ್ದ ಬರಹ ಮತ್ತು ಚರ್ಚೆಗಳು ಹೋದವು. 2005ರ ನಂತರದ ಕೆಲವು ವರ್ಷ ಕನ್ನಡದ ಬ್ಲಾಗುಗಳು ಬಹುವಾಗಿ ಅರಳಿದ್ದು ಬ್ಲಾಗರ್‌ನಲ್ಲಿ. ಅದು ಇಂದಿಗೂ ನಡೆಯುತ್ತಿರುವುದು ನಮ್ಮ ಭಾಗ್ಯ ಎನ್ನಬೇಕು, ಏಕೆಂದರೆ ಆ ಕಾಲದ ಎಷ್ಟೋ ಒಳ್ಳೆಯ ಗದ್ಯ ಬೇರೆಲ್ಲಿಯೂ ಅಚ್ಚಾಗಿಲ್ಲ.

ಆದ್ದರಿಂದ ಒಂದು ವೇದಿಕೆಯನ್ನು ತೂಗುವಾಗ, ನನ್ನ ಬರಹಗಳನ್ನೆಲ್ಲ ಒಂದೇ ಬಾರಿಗೆ, ಬೇರೆ ಕಡೆ ಬಳಸಬಹುದಾದ ರೂಪದಲ್ಲಿ ತೆಗೆದುಕೊಂಡು ಹೋಗಬಹುದೇ ಎಂದು ನೋಡಬೇಕು. ಸ್ಥಿರ ತಾಣದಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ, ಕಡತಗಳು ನಿಮ್ಮ ಕಂಪ್ಯೂಟರಿನಲ್ಲಿಯೇ ಇರುತ್ತವೆ. ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಎರಡೂ ಬರಹಗಳೆಲ್ಲ ಇರುವ, ಎಕ್ಸ್‌ಎಂಎಲ್ ಎಂಬ ಪಠ್ಯರೂಪದ ಕಡತವೊಂದನ್ನು ಕೊಡುತ್ತವೆ. ಆದರೆ ವರ್ಡ್‌ಪ್ರೆಸ್‌ನ ಆ ಕಡತದಲ್ಲಿ ಚಿತ್ರಗಳ ವಿಳಾಸ ಇರುತ್ತದೆಯೇ ಹೊರತು ಚಿತ್ರಗಳಿರುವುದಿಲ್ಲ. ಅದೊಂದೇ ಬ್ಯಾಕಪ್ ಎಂದು ನಂಬಿ ಹಳೆಯ ಸರ್ವರನ್ನು ಬಿಟ್ಟವರು ಚಿತ್ರಗಳನ್ನೆಲ್ಲ ಕಳೆದುಕೊಂಡದ್ದನ್ನು ನೋಡಿದ್ದೇನೆ. ವಿಕ್ಸ್‌ನಲ್ಲಿ ಎಳೆದು ಜೋಡಿಸಿ ಕಟ್ಟಿದ ತಾಣವನ್ನು ಇಡಿಯಾಗಿ ಬೇರೆ ಸರ್ವರಿಗೆ ಸಾಗಿಸಲು ಬರುವುದಿಲ್ಲ. ಮದುವೆಯ ಆಮಂತ್ರಣಕ್ಕೋ, ಒಂದು ಸಮ್ಮೇಳನಕ್ಕೋ ಅದು ಸಾಕಾದೀತು. ಮೂವತ್ತು ವರ್ಷಗಳ ಸಾಹಿತ್ಯಕ್ಕೆ ಸಾಲದು.

ಖರ್ಚಿನ ಬಗ್ಗೆ ಎರಡು ಮಾತು. ಮೊದಲ ವರ್ಷದ ದರ ನೋಡಿ ಹೋಸ್ಟಿಂಗ್ ಆರಿಸಬಾರದು, ನವೀಕರಣದ ದರ ಅದರ ಎರಡು ಮೂರು ಪಟ್ಟು ಇರುವುದು ಸಾಮಾನ್ಯ. ಕಾರ್ಡಿನಿಂದ ತಾನಾಗಿ ಪಾವತಿಯಾಗುತ್ತದೆ ಎಂದು ನಿಶ್ಚಿಂತರಾಗಬಾರದು. ಮರುಕಳಿಸುವ ಪಾವತಿಗಳಿಗೆ ಹೆಚ್ಚಿನ ದೃಢೀಕರಣ ಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಮೇಲೆ, ವಿದೇಶಿ ಸೇವೆಗಳಿಗೆ ನಮ್ಮ ಕಾರ್ಡುಗಳಿಂದ ಆಗುತ್ತಿದ್ದ ಎಷ್ಟೋ ಸ್ವಯಂ ಪಾವತಿಗಳು ಸದ್ದಿಲ್ಲದೆ ನಿಂತುಹೋದವು. ಎಚ್‌ಟಿಟಿಪಿಎಸ್ ಭದ್ರತಾ ಪ್ರಮಾಣಪತ್ರಕ್ಕೆಂದು ಪ್ರತ್ಯೇಕ ಹಣ ಕೇಳಿದರೆ ಯೋಚಿಸಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ವ್ಯವಸ್ಥೆ ಅದನ್ನು ಉಚಿತವಾಗಿಯೇ ಕೊಡುತ್ತದೆ, ಸಾಮಾನ್ಯ ತಾಣಕ್ಕೆ ಅದು ಸಾಕು.

ಯಾರಿಗೆ ಯಾವುದು

ಒಬ್ಬರೇ ಬರೆಯುವ ಕತೆ, ಪ್ರಬಂಧಗಳಿಗೆ ಇಂದಿಗೂ ಬ್ಲಾಗರ್ ಸಾಕು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಸ್ವಂತ ಡೊಮೇನ್ ಅನ್ನು ಅದಕ್ಕೆ ಜೋಡಿಸಿಕೊಂಡು, ಆರು ತಿಂಗಳಿಗೊಮ್ಮೆ ಬ್ಯಾಕಪ್ ಇಳಿಸಿಕೊಂಡರೆ ಹೋಸ್ಟಿಂಗ್ ಖರ್ಚೂ ಇಲ್ಲ, ಅಪ್‌ಡೇಟಿನ ಚಿಂತೆಯೂ ಇಲ್ಲ. ಹಲವರು ಕೂಡಿ ಒಂದು ಸೀಮೆಯ ಊರುಗಳ, ಗಿಡಮರಗಳ, ಪದಗಳ ಕೋಶ ಕಟ್ಟುವುದಾದರೆ ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ತಂತ್ರಾಂಶವೇ ಸರಿ. 2003ರಿಂದ ಇರುವ ಕನ್ನಡ ವಿಕಿಪೀಡಿಯ ಅದರ ಮೇಲೆಯೇ ನಡೆಯುತ್ತಿದೆ, ಯಾರು ಯಾವಾಗ ಏನು ತಿದ್ದಿದರು ಎಂಬುದು ಅದರಲ್ಲಿ ಅಳಿಯದೆ ಉಳಿಯುತ್ತದೆ. ಮನೆಯಲ್ಲಿ ಚಟ್ನಿಪುಡಿ, ಹಪ್ಪಳ ಮಾಡಿ ಮಾರುವವರು ತಿಂಗಳಿಗೆ ಮೂವತ್ತು ನಲವತ್ತು ಆರ್ಡರು ಬರುವ ಹಂತದಲ್ಲಿ ಆನ್‌ಲೈನ್ ಅಂಗಡಿ ಕಟ್ಟಿಸಬೇಕಾಗಿಲ್ಲ. ದರಪಟ್ಟಿ, ಚಿತ್ರಗಳು, ವಾಟ್ಸ್ಆ್ಯಪ್ ಸಂಖ್ಯೆ, ಯುಪಿಐ ವಿವರ ಇರುವ ಒಂದೇ ಒಂದು ಸ್ಥಿರ ಪುಟ ಸಾಕು. ದಾಸ್ತಾನು, ತೆರಿಗೆ, ಕೊರಿಯರ್ ಲೆಕ್ಕ ಕೈಮೀರಿದಾಗ ಶಾಪಿಫೈ ಅಥವಾ ವರ್ಡ್‌ಪ್ರೆಸ್ ಮೇಲೆ ನಡೆಯುವ ವೂಕಾಮರ್ಸ್ ಕಡೆಗೆ ನೋಡಬಹುದು.

ತ್ರೈಮಾಸಿಕಕ್ಕೆ ನನ್ನ ಮನಸ್ಸು ಮೊದಲು ಒಲಿದದ್ದು ಹ್ಯೂಗೋದಲ್ಲಿ ಕಟ್ಟುವ ಸ್ಥಿರ ತಾಣದ ಕಡೆಗೆ. ವೇಗ, ಭದ್ರತೆ, ಬಾಳಿಕೆ ಮೂರರಲ್ಲಿಯೂ ಅದಕ್ಕೆ ಸಾಟಿಯಿಲ್ಲ. ಆದರೆ ಆ ಶಿಕ್ಷಕಿಯ ಪಕ್ಕದಲ್ಲಿ ಕುಳಿತು ಒಂದು ಕವಿತೆಯನ್ನು ಆ ವಿಧಾನದಲ್ಲಿ ಪ್ರಕಟಿಸಿ ತೋರಿಸಿದಾಗ, ಕಡತ ಉಳಿಸುವುದು, ಕಮಾಂಡ್ ಕೊಡುವುದು, ಬದಲಾವಣೆಗಳನ್ನು ದಾಖಲಿಸುವ ಗಿಟ್ ತಂತ್ರಾಂಶಕ್ಕೆ ಕಳಿಸುವುದು ಎಂಬ ಹಂತಗಳನ್ನು ಅವರು ತಮ್ಮ ನೋಟ್‌ಬುಕ್ಕಿನಲ್ಲಿ ನೀಟಾಗಿ ಬರೆದುಕೊಂಡರು, ಬರೆದುಕೊಂಡು, “ನಾನು ಊರಿನಲ್ಲಿ ಇಲ್ಲದಾಗ ಒಂದು ಅಕ್ಷರ ತಪ್ಪಿದೆ ಅಂತ ಯಾರಾದರೂ ಫೋನ್ ಮಾಡಿದರೆ ಮೊಬೈಲಿನಲ್ಲಿ ತಿದ್ದಬಹುದಾ?” ಎಂದು ಕೇಳಿದರು. ಮೂವತ್ತು ವರ್ಷ ಕರಡು ತಿದ್ದಿದವರ ಪ್ರಶ್ನೆ ಅದು. ನಾನು ಹಾಕಿಕೊಂಡಿದ್ದ ಲೆಕ್ಕದಲ್ಲಿ ಅದು ಇರಲೇ ಇಲ್ಲ.

ಕೊನೆಗೆ ಕೆಲಸವನ್ನು ಎರಡಾಗಿ ಒಡೆದೆವು. ಇನ್ನು ಬದಲಾಗದ ಹಳೆಯ ಸಂಚಿಕೆಗಳು, ತಿದ್ದಿ ಮುಗಿದ ಹಾಗೆಲ್ಲ, ಸ್ಥಿರ ಪುಟಗಳಾಗಿ ಒಂದು ಕಡೆ ಸೇರುತ್ತಿವೆ. ಅವಕ್ಕೆ ಡೇಟಾಬೇಸಿನ ಹಂಗಿಲ್ಲ, ಅದೇ ಕಡತಗಳ ಪ್ರತಿ ಸಂಪಾದಕರ ಮನೆಯ ಹಾರ್ಡ್‌ಡಿಸ್ಕಿನಲ್ಲಿಯೂ ಇದೆ. ಹೊಸ ಸಂಚಿಕೆಗಳು ಸಾಧಾರಣ ಹೋಸ್ಟಿಂಗ್‌ನಲ್ಲಿ, ನಾಲ್ಕೇ ಪ್ಲಗಿನ್ ಇರುವ ವರ್ಡ್‌ಪ್ರೆಸ್‌ನಲ್ಲಿ ಪ್ರಕಟವಾಗುತ್ತಿವೆ. ಶಿಕ್ಷಕಿ ಅದನ್ನು ಮೊಬೈಲಿನಿಂದಲೇ ತಿದ್ದುತ್ತಾರೆ. ಡೊಮೇನ್ ಪತ್ರಿಕೆ ನಡೆಸುವ ಸಂಘದ ಹೆಸರಿನಲ್ಲಿದೆ. ನವೀಕರಣದ ತಾರೀಖು, ಯಾವ ಲಾಗಿನ್ ಯಾರ ಬಳಿ ಇದೆ, ಕೊನೆಯ ಬ್ಯಾಕಪ್ ಯಾವಾಗ ತೆಗೆದದ್ದು ಇಷ್ಟನ್ನೂ ಲೆಕ್ಕಪತ್ರ ನೋಡಿಕೊಳ್ಳುವವರು ಸಂಘದ ನಡಾವಳಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದು, ಕೆಳಗೆ ಮೂವರ ಸಹಿ ಹಾಕಿಸಿದ್ದಾರೆ.